ಕಸಾಂಡ್ರಾ: ಸರ್ವರ್ ಮೇಲೆ ಕನೆಕ್ಟ್ ಆಗುತ್ತದೆ, ಲ್ಯಾಪ್‌ಟಾಪ್‌ನಿಂದ ಆಗಲ್ಲ. ಟೇಬಲ್ ಬಗ್ಗೆಯೂ ಒಂದು ಡೌಟು

ಹೊಸ ಕೈ:
ಎಲ್ಲರಿಗೂ ನಮಸ್ಕಾರ. ಇಷ್ಟು ವರ್ಷ ಬರೀ ಮೈಎಸ್‌ಕ್ಯೂಎಲ್ ಮುಟ್ಟಿದವನು ನಾನು. ಈಗ ಪಾರ್ಸೆಲ್ ಟ್ರ್ಯಾಕಿಂಗ್‌ಗೆ ಅಂತ ಕಸಾಂಡ್ರಾ (ಹಲವು ಮಷೀನುಗಳ ಮೇಲೆ ಹರಡಿ ಓಡುವ ಡೇಟಾಬೇಸ್) ಹಿಡಿದಿದ್ದೇನೆ. 4.1 ವರ್ಷನ್, ಮೂರು ಲಿನಕ್ಸ್ ಮಷೀನು. ನೋಡ್‌ಟೂಲ್ ಸ್ಟೇಟಸ್ ಕೊಟ್ಟರೆ ಮೂರೂ ನೋಡ್‌ಗಳ (ಅಂದರೆ ಮಷೀನುಗಳ) ಮುಂದೆ ಯುಎನ್, ಅಂದರೆ 'ಎದ್ದಿದೆ, ಸರಿಯಾಗಿದೆ' ಅಂತ ಬರುತ್ತದೆ. ಯಾವ ಮಷೀನಿಗೆ ಲಾಗಿನ್ ಆಗಿ ಸಿಕ್ಯೂಎಲ್ ಶೆಲ್ (ಕಸಾಂಡ್ರಾಗೆ ಕಮಾಂಡ್ ಕೊಡುವ ಜಾಗ) ತೆರೆದರೂ ತಟ್ಟನೆ ಒಳಗೆ ಹೋಗುತ್ತೇನೆ. ಆದರೆ ನನ್ನ ಲ್ಯಾಪ್‌ಟಾಪ್‌ನಿಂದ ಅದೇ ಮಷೀನಿನ ಐಪಿ, 9042 ಪೋರ್ಟ್ ಕೊಟ್ಟರೆ 'ಕನೆಕ್ಷನ್ ರಿಫ್ಯೂಸ್ಡ್'. ಫೈರ್‌ವಾಲ್ ಆಫ್ ಮಾಡಿ ನೋಡಿದೆ. ಅದೇ ರಾಗ, ಅದೇ ಹಾಡು.

ಎರಡನೇ ಡೌಟು. ಸರ್ವರ್ ಮೇಲೆಯೇ ಕೂತು ಒಂದು ಟೇಬಲ್ ಮಾಡಿದೆ. ಓದಲು ಸುಲಭವಾಗಲಿ ಅಂತ ಹೆಸರುಗಳನ್ನು ಕನ್ನಡದಲ್ಲೇ ಬರೆಯುತ್ತೇನೆ: ಪಾರ್ಸೆಲ್ ಐಡಿ, ಸಮಯ, ಹಬ್, ಸ್ಥಿತಿ. ಪ್ರೈಮರಿ ಕೀ ಪಾರ್ಸೆಲ್ ಐಡಿ. ಒಂದೇ ಪಾರ್ಸೆಲ್‌ಗೆ ನಾಲ್ಕು ಸ್ಕ್ಯಾನ್ ಸಾಲು ಇನ್ಸರ್ಟ್ ಮಾಡಿದೆ. ಒಂದು ಎರರೂ ಇಲ್ಲ. ಸೆಲೆಕ್ಟ್ ಮಾಡಿದರೆ ಒಂದೇ ಸಾಲು! ಉಳಿದ ಮೂರು ಯಾವ ನೋಡ್‌ನಲ್ಲಿ ಅಡಗಿವೆ?

ಪಿಂಗ್ ಪಾಂಗ್:
ಮೊದಲನೆಯದು ಸುಲಭ. ಕಸಾಂಡ್ರಾದ ಸೆಟ್ಟಿಂಗ್ ಇರುವ ಯಾಮಲ್ ಫೈಲ್‌ನಲ್ಲಿ ಆರ್‌ಪಿಸಿ ಅಡ್ರೆಸ್ ಇದೆಯಲ್ಲ, ಅದಕ್ಕೆ 0.0.0.0 ಹಾಕಿ ರೀಸ್ಟಾರ್ಟ್ ಮಾಡಿ. ಮುಗೀತು.

ಹೊಸ ಕೈ:
ಹಾಕಿದೆ ಸರ್. ಈಗ ಆ ನೋಡ್ ಮೇಲೇಳುವುದೇ ಇಲ್ಲ. ಮೊದಲು ಹೊರಗಿನಿಂದ ಮಾತ್ರ ಬರುತ್ತಿರಲಿಲ್ಲ, ಈಗ ಒಳಗಿನಿಂದಲೂ ಇಲ್ಲ :(

ಲಾಗ್ ಓದುವವ:
ಸಿಸ್ಟಮ್ ಲಾಗ್‌ನ ಕೊನೆಯ ಸಾಲು ನೋಡಿ. ಆರ್‌ಪಿಸಿ ಅಡ್ರೆಸ್ 0.0.0.0 ಆದರೆ ಬ್ರಾಡ್‌ಕಾಸ್ಟ್ ಆರ್‌ಪಿಸಿ ಅಡ್ರೆಸ್ ಕೊಡಲೇಬೇಕು ಅಂತ ಗೊಣಗಿರುತ್ತದೆ. ಪಿಂಗ್ ಪಾಂಗ್ ಅವರು ಅರ್ಧ ಔಷಧಿ ಕೊಟ್ಟರು.

ವಿಷಯ ಇಷ್ಟು. ನೋಡ್‌ಗೆ ಎರಡು ಬಾಗಿಲು. ಲಿಸನ್ ಅಡ್ರೆಸ್ ಎಂಬುದು ನೋಡ್‌ಗಳು ತಮ್ಮ ತಮ್ಮಲ್ಲಿ ಮಾತಾಡುವ ಬಾಗಿಲು, ಪೋರ್ಟ್ 7000. ಆರ್‌ಪಿಸಿ ಅಡ್ರೆಸ್ ನಿಮ್ಮ ಅಪ್ಲಿಕೇಶನ್ ಬರುವ ಬಾಗಿಲು, ಪೋರ್ಟ್ 9042. ಎರಡಕ್ಕೂ ಮೊದಲಿಗೆ ಲೋಕಲ್‌ಹೋಸ್ಟ್ ಅಂತಲೇ ಇರುತ್ತದೆ. ಕ್ಲಸ್ಟರ್ ಕಟ್ಟುವಾಗ ನೀವು ಮೊದಲನೆಯದನ್ನು ಬದಲಾಯಿಸಿದ್ದೀರಿ, ಅದಕ್ಕೇ ಯುಎನ್ ಬಂದಿದೆ. ಎರಡನೆಯದನ್ನು ಮರೆತಿದ್ದೀರಿ. ಹಾಗಾಗಿ 9042 ಆ ಮಷೀನಿನ ಒಳಗೆ ಮಾತ್ರ ತೆರೆದಿತ್ತು.

ಇನ್ನೊಂದು ಸುಳಿವು ನಿಮ್ಮ ಎರರ್‌ನಲ್ಲೇ ಇತ್ತು. ಫೈರ್‌ವಾಲ್ ಅಡ್ಡ ನಿಂತರೆ ಸಾಮಾನ್ಯವಾಗಿ ಉತ್ತರವೇ ಬರಲ್ಲ, ಕಾದು ಕಾದು ಟೈಮ್‌ಔಟ್ ಆಗುತ್ತದೆ. ತಕ್ಷಣ 'ರಿಫ್ಯೂಸ್ಡ್' ಅಂದರೆ ಮಷೀನು ಸಿಕ್ಕಿದೆ, ಆ ಪೋರ್ಟ್‌ನಲ್ಲಿ ಕೇಳಿಸಿಕೊಳ್ಳುವವರು ಯಾರೂ ಇಲ್ಲ ಅಂತ.

0.0.0.0 ಬೇಡ. ಪ್ರತಿ ನೋಡ್‌ನಲ್ಲೂ ಆರ್‌ಪಿಸಿ ಅಡ್ರೆಸ್‌ಗೆ ಆಯಾ ಮಷೀನಿನ ಸ್ವಂತ ಐಪಿ ಹಾಕಿ. ಒಂದೊಂದಾಗಿ ರೀಸ್ಟಾರ್ಟ್ ಮಾಡಿ, ಮೂರನ್ನೂ ಒಟ್ಟಿಗೆ ಬೇಡ. ಲಾಗ್‌ನಲ್ಲಿ 'ಸ್ಟಾರ್ಟಿಂಗ್ ಲಿಸನಿಂಗ್ ಫಾರ್ ಸಿಕ್ಯೂಎಲ್ ಕ್ಲೈಂಟ್ಸ್' ಅನ್ನುವ ಸಾಲು ಬರುವವರೆಗೆ ಕಾಯಿರಿ.

ಪಿಂಗ್ ಪಾಂಗ್:
ಒಪ್ಪಿಕೊಂಡೆ. ನನ್ನದು ಕಂಟೇನರ್ ಸೆಟಪ್. ಅದರಲ್ಲಿ ಆ ಇನ್ನೊಂದು ಸಾಲನ್ನು ಇಮೇಜೇ ತುಂಬಿಕೊಳ್ಳುತ್ತಿತ್ತು ಅನ್ನಿಸುತ್ತೆ.

ಅರೆನಿದ್ದೆ:
ಕಂಟೇನರ್ ಮಾತು ಬಂತಲ್ಲ, ಅಲ್ಲೊಂದು ಗುಂಡಿ ಇದೆ. ಡ್ರೈವರ್‌ಗೆ (ನಿಮ್ಮ ಪ್ರೋಗ್ರಾಂ ಪರವಾಗಿ ಕಸಾಂಡ್ರಾ ಜೊತೆ ಮಾತಾಡುವ ಲೈಬ್ರರಿ) ನೀವು ಕೊಡುವ ಐಪಿ ಬರೀ ಪರಿಚಯಕ್ಕೆ. ಅಲ್ಲಿ ಹೋಗಿ ಅದು 'ನಿಮ್ಮ ಮನೆಯಲ್ಲಿ ಇನ್ಯಾರಿದ್ದಾರೆ' ಅಂತ ಕೇಳುತ್ತದೆ. ನೋಡ್ ತನ್ನ ಪೀರ್ಸ್ ಟೇಬಲ್ ನೋಡಿ ಉಳಿದವರ ವಿಳಾಸ ಕೊಡುತ್ತದೆ. ಆ ವಿಳಾಸಗಳು ಕಂಟೇನರ್ ಒಳಗಿನ ಐಪಿ ಆಗಿದ್ದರೆ ನಿಮ್ಮ ಲ್ಯಾಪ್‌ಟಾಪ್‌ಗೆ ಸಿಗಲ್ಲ. ಮೊದಲು ಕನೆಕ್ಟ್ ಆಗುತ್ತದೆ, ಆಮೇಲೆ ಲಾಗ್ ತುಂಬಾ ವಾರ್ನಿಂಗ್. ಅದನ್ನು ಸರಿಮಾಡುವುದಕ್ಕೇ ಬ್ರಾಡ್‌ಕಾಸ್ಟ್ ಆರ್‌ಪಿಸಿ ಅಡ್ರೆಸ್ ಇರುವುದು: 'ನನ್ನನ್ನು ಹೊರಗಿನವರು ಈ ವಿಳಾಸದಲ್ಲಿ ಹುಡುಕಲಿ'.

ಹೊಸ ಕೈ:
ಸ್ವಂತ ಐಪಿ ಹಾಕಿದೆ, ಲ್ಯಾಪ್‌ಟಾಪ್‌ನಿಂದ ಶೆಲ್ ಕನೆಕ್ಟ್ ಆಯ್ತು! ಖುಷಿ ಐದು ನಿಮಿಷ ಇತ್ತು. ಈಗ ಜಾವಾ ಪ್ರೋಗ್ರಾಂ ಹಠ ಹಿಡಿದಿದೆ. ಮೊದಲು 'ಲೋಕಲ್ ಡಿಸಿ (ಡೇಟಾಸೆಂಟರ್) ಹೇಳಿ' ಅಂತು. ಯಾವುದೋ ಟ್ಯುಟೋರಿಯಲ್ ನೋಡಿ ಡಿಸಿ1 ಅಂತ ಹಾಕಿದೆ. ಈಗ 'ನೋ ನೋಡ್ ವಾಸ್ ಅವೈಲೆಬಲ್' ಅನ್ನುತ್ತಿದೆ. ಮೂರು ನೋಡ್ ಕಣ್ಣೆದುರೇ ಓಡುತ್ತಿವೆಯಲ್ಲಾ?

ಲಾಗ್ ಓದುವವ:
ನೋಡ್‌ಟೂಲ್ ಸ್ಟೇಟಸ್‌ನ ಮೊದಲ ಸಾಲು ಓದಿ. ಎಲ್ಲರೂ ಯುಎನ್ ನೋಡಿ ಬಿಟ್ಟುಬಿಡ್ತಾರೆ, ಅದರ ಮೇಲಿನ ಸಾಲು ಯಾರೂ ಓದಲ್ಲ. ಅಲ್ಲಿ ಡೇಟಾಸೆಂಟರ್ ಹೆಸರು ಇರುತ್ತದೆ. ಸ್ನಿಚ್ (ಯಾವ ನೋಡ್ ಯಾವ ಡೇಟಾಸೆಂಟರ್‌ನದು ಅಂತ ಹೇಳುವ ಸೆಟ್ಟಿಂಗ್) ಬದಲಾಯಿಸದೇ ಇದ್ದರೆ ಅದು 'ಡೇಟಾಸೆಂಟರ್1', ಪೂರ್ತಿ ಪದ. ಟ್ಯುಟೋರಿಯಲ್ ಬರೆದವರು ಗಾಸಿಪಿಂಗ್ ಸ್ನಿಚ್ ಬಳಸಿರಬೇಕು, ಅದರ ಫೈಲ್‌ನಲ್ಲಿ 'ಡಿಸಿ1' ಅಂತ ಇರುತ್ತದೆ.

ಡ್ರೈವರ್ ತಪ್ಪು ಮಾಡುತ್ತಿಲ್ಲ. ನೀವು 'ನನ್ನ ಊರಿನವರ ಹತ್ತಿರ ಮಾತ್ರ ಮಾತಾಡು' ಅಂದಿರಿ. ಆ ಹೆಸರಿನ ಊರೇ ಇಲ್ಲ. ಅಕ್ಷರ ಅಕ್ಷರವೂ ಹೊಂದಬೇಕು, ದೊಡ್ಡಕ್ಷರ ಚಿಕ್ಕಕ್ಷರ ಸಹ.

ಹೊಸ ಕೈ:
ಅಯ್ಯೋ ಅಷ್ಟೇನಾ. ಎರಡು ಗಂಟೆ ಹೋಯ್ತು. ಈಗ ಕನೆಕ್ಟ್ ಆಯ್ತು, ಥ್ಯಾಂಕ್ಸ್.

ಹಳೆ ಸರ್ವರ್:
ಆ ಹೆಸರು ಇನ್ನೊಂದು ಕಡೆಯೂ ಕೈಕೊಡುತ್ತದೆ, ಕೀಸ್ಪೇಸ್ (ಟೇಬಲ್‌ಗಳ ಗುಂಪು, ಮೈಎಸ್‌ಕ್ಯೂಎಲ್‌ನ ಡೇಟಾಬೇಸ್ ಇದ್ದಹಾಗೆ) ಮಾಡುವಾಗ. ನೆಟ್‌ವರ್ಕ್ ಟೋಪಾಲಜಿ ಸ್ಟ್ರಾಟಜಿ ಕೊಟ್ಟು ಡೇಟಾಸೆಂಟರ್ ಹೆಸರು, ಎಷ್ಟು ಕಾಪಿ ಅಂತ ಬರೆಯುತ್ತೀರಲ್ಲ, ಅಲ್ಲಿ. 4.0ರಿಂದ ಗೊತ್ತಿಲ್ಲದ ಹೆಸರು ಕೊಟ್ಟರೆ ಅಲ್ಲೇ ಎರರ್ ಕೊಟ್ಟು ಕಾಪಾಡುತ್ತದೆ. 3ರ ಕಾಲದಲ್ಲಿ ತೆಪ್ಪಗೆ ಒಪ್ಪಿಕೊಂಡು, ಟೇಬಲ್ ಮಾಡಲೂ ಬಿಟ್ಟು, ಮೊದಲ ಇನ್ಸರ್ಟ್‌ನಲ್ಲಿ ಕೈ ಎತ್ತುತ್ತಿತ್ತು.

ನೀವು ಕೀಸ್ಪೇಸ್ ಹೇಗೆ ಮಾಡಿದ್ದೀರಿ?

ಹೊಸ ಕೈ:
ಸಿಂಪಲ್ ಸ್ಟ್ರಾಟಜಿ, ರೆಪ್ಲಿಕೇಶನ್ ಫ್ಯಾಕ್ಟರ್ 1. ಎಲ್ಲ ಉದಾಹರಣೆಗಳಲ್ಲೂ ಹಾಗೇ ಇತ್ತು.

ಹಳೆ ಸರ್ವರ್:
ಉದಾಹರಣೆ ಬರೆಯುವವರ ಹತ್ತಿರ ಒಂದೇ ನೋಡ್ ಇರುತ್ತದೆ. ನಿಮ್ಮ ಹತ್ತಿರ ಮೂರಿವೆ. ಫ್ಯಾಕ್ಟರ್ 1 ಅಂದರೆ ಪ್ರತಿ ಸಾಲಿಗೂ ಒಂದೇ ಕಾಪಿ. ಒಂದು ಮಷೀನು ಮಲಗಿದರೆ ಸುಮಾರು ಮೂರನೇ ಒಂದು ಭಾಗ ಪಾರ್ಸೆಲ್‌ಗಳು ಮಾಯ. ಇಷ್ಟಕ್ಕೆ ಮೂರು ಮಷೀನು ಯಾಕೆ?

ಆಲ್ಟರ್ ಕೀಸ್ಪೇಸ್ ಕೊಟ್ಟು ನೆಟ್‌ವರ್ಕ್ ಟೋಪಾಲಜಿ, ಡೇಟಾಸೆಂಟರ್1ಕ್ಕೆ 3 ಅಂತ ಮಾಡಿ. ಆಮೇಲೆ ಪ್ರತಿ ನೋಡ್‌ನಲ್ಲೂ ನೋಡ್‌ಟೂಲ್ ರಿಪೇರ್ ಅನ್ನು ಫುಲ್ ಆಪ್ಶನ್ ಜೊತೆ ಓಡಿಸಿ. ಆಲ್ಟರ್ ಬರೀ ನಿಯಮ ಬದಲಿಸುತ್ತದೆ, ಹಳೆಯ ಡೇಟಾವನ್ನು ಹೊತ್ತುಕೊಂಡು ಹೋಗಿ ಹಂಚಲ್ಲ. ರಿಪೇರ್ ಮಾಡದೆ ಓದಿದರೆ 'ಈಗ ತಾನೇ ಇದ್ದ ಸಾಲು ಎಲ್ಲಿ ಹೋಯ್ತು' ಅಂತ ಇನ್ನೊಂದು ಪ್ರಶ್ನೆ ಹಾಕ್ತೀರಿ.

ಕೋಡ್‌ನಲ್ಲಿ ಓದುವಾಗ, ಬರೆಯುವಾಗ ಎರಡರಲ್ಲೂ ಕನ್ಸಿಸ್ಟೆನ್ಸಿಯನ್ನು (ಎಷ್ಟು ಕಾಪಿಗಳು ಉತ್ತರಿಸಬೇಕು ಅನ್ನುವ ಮಟ್ಟ) ಲೋಕಲ್ ಕೋರಂ, ಅಂದರೆ ಬಹುಮತ, ಇಡಿ. ಮೂರರಲ್ಲಿ ಎರಡು ಕಡೆ ಬರೆದಾಯ್ತು, ಎರಡು ಕಡೆ ಓದಿದಾಯ್ತು. ಎರಡು ಮತ್ತು ಎರಡು ನಾಲ್ಕು, ಮೂರಕ್ಕಿಂತ ಜಾಸ್ತಿ. ಹಾಗಾಗಿ ಕನಿಷ್ಠ ಒಂದು ನೋಡ್ ಎರಡರಲ್ಲೂ ಇದ್ದೇ ಇರುತ್ತದೆ, ಹೊಸ ಬೆಲೆ ತಪ್ಪಿಸಿಕೊಳ್ಳಲ್ಲ. ಜಾವಾ ಡ್ರೈವರ್ ತಾನಾಗಿ ಇಟ್ಟುಕೊಳ್ಳುವುದು ಲೋಕಲ್ ಒನ್, ಅಂದರೆ ಒಂದೇ ಕಾಪಿ.

ಸುಮ್ನೆ ಕೇಳ್ದೆ:
ಮಧ್ಯೆ ಬಾಯಿ ಹಾಕ್ತೀನಿ. ಅವರ ಎರಡನೇ ಡೌಟಿಗೆ ಯಾರೂ ಉತ್ತರ ಕೊಡಲಿಲ್ಲ. ಮೂರು ಸಾಲು ಎಲ್ಲಿ ಹೋದವು? ಫ್ಯಾಕ್ಟರ್ 1 ಇದ್ದದ್ದಕ್ಕಾ?

ಹಳೆ ಸರ್ವರ್:
ಅಲ್ಲ. ಆ ಮೂರು ಸಾಲು ಎಲ್ಲೂ ಅಡಗಿಲ್ಲ. ಒಂದರ ಮೇಲೊಂದು ಕೂತಿವೆ.

ಇಲ್ಲಿ ಇನ್ಸರ್ಟ್ ಅಂದರೆ 'ಹೊಸದಾಗಿ ಸೇರಿಸು' ಅಲ್ಲ, 'ಈ ಕೀ ಜಾಗದಲ್ಲಿ ಇದನ್ನು ಬರಿ' ಅಂತ ಅಷ್ಟೇ. ಹಳೆಯದು ಇದೆಯಾ ಅಂತ ನೋಡುವುದೇ ಇಲ್ಲ, ನೋಡಿದರೆ ಬರೆಯುವ ಕೆಲಸ ನಿಧಾನವಾಗುತ್ತದೆ. ಪ್ರೈಮರಿ ಕೀ ಬರೀ ಪಾರ್ಸೆಲ್ ಐಡಿ ಆದ್ದರಿಂದ ನಾಲ್ಕೂ ಸ್ಕ್ಯಾನ್‌ಗೆ ಒಂದೇ ಜಾಗ. ಕೊನೆಯದು ಉಳಿಯಿತು. ಮೈಎಸ್‌ಕ್ಯೂಎಲ್ ಆಗಿದ್ದರೆ 'ಡುಪ್ಲಿಕೇಟ್ ಎಂಟ್ರಿ' ಅಂತ ಬೈದು ನಿಮ್ಮನ್ನು ಎಚ್ಚರಿಸುತ್ತಿತ್ತು. ಇದು ಬೈಯಲ್ಲ. ನನಗೆ ಕೇಳಿದರೆ ಮೈಎಸ್‌ಕ್ಯೂಎಲ್‌ನಿಂದ ಬರುವವರಿಗೆ ಜೋರಾಗಿ ಹೇಳಬೇಕಾದ ಮೊದಲ ಮಾತೇ ಇದು. ಯಾಕೋ ಎಲ್ಲರೂ ಪೋರ್ಟ್ ನಂಬರ್‌ನಿಂದ ಶುರು ಮಾಡ್ತಾರೆ.

ಇನ್ಸರ್ಟ್ ಕೊನೆಗೆ 'ಇಫ್ ನಾಟ್ ಎಕ್ಸಿಸ್ಟ್ಸ್' ಸೇರಿಸಿದರೆ ಮೊದಲು ನೋಡಿ ಆಮೇಲೆ ಬರೆಯುತ್ತದೆ. ಆದರೆ ಅದಕ್ಕೆ ನೋಡ್‌ಗಳು ಪ್ಯಾಕ್ಸಾಸ್ ಪದ್ಧತಿಯಲ್ಲಿ ಹಲವು ಸುತ್ತು ಮಾತಾಡಿಕೊಳ್ಳಬೇಕು. ಪ್ರತಿ ಸ್ಕ್ಯಾನ್‌ಗೂ ಹಾಗೆ ಮಾಡಬೇಡಿ. ನಿಮಗೆ ಬೇಕಾದ್ದು ಸರಿಯಾದ ಕೀ.

ಪ್ರೈಮರಿ ಕೀಯಲ್ಲಿ ಎರಡು ಭಾಗ. ಮೊದಲನೆಯದು ಪಾರ್ಟಿಶನ್ ಕೀ. ಅದನ್ನು ಮರ್ಮರ್3 ಅನ್ನುವ ಹ್ಯಾಶ್‌ಗೆ ಹಾಕಿ ಬರುವ ಸಂಖ್ಯೆ ನೋಡಿ ಸಾಲು ಯಾವ ನೋಡ್‌ಗೆ ಹೋಗಬೇಕು ಅಂತ ತೀರ್ಮಾನ. ಎರಡನೆಯದು ಕ್ಲಸ್ಟರಿಂಗ್ ಕಾಲಂ. ಆ ಪಾರ್ಟಿಶನ್ ಒಳಗೆ ಸಾಲುಗಳು ಯಾವ ಕ್ರಮದಲ್ಲಿ ಕೂರಬೇಕು ಅಂತ. ನಿಮ್ಮ ಕೀ ಹೀಗಿರಲಿ:

ಪ್ರೈಮರಿ ಕೀ ((ಪಾರ್ಸೆಲ್ ಐಡಿ), ಸಮಯ), ಕ್ಲಸ್ಟರಿಂಗ್ ಆರ್ಡರ್ ಸಮಯ ಇಳಿಕೆ.

ಒಳಗಿನ ಆವರಣ ಪಾರ್ಟಿಶನ್ ಕೀಗೆ. ಈಗ ಒಂದು ಪಾರ್ಸೆಲ್‌ನ ಎಲ್ಲ ಸ್ಕ್ಯಾನ್ ಒಂದೇ ಜಾಗದಲ್ಲಿ, ಹೊಸದು ಮೇಲೆ. 'ಈಗ ಎಲ್ಲಿದೆ' ಅಂದರೆ ಲಿಮಿಟ್ 1. ಪೂರ್ತಿ ಕಥೆ ಬೇಕಾದರೆ ಲಿಮಿಟ್ ತೆಗೆಯಿರಿ. ಇನ್ನೊಂದು ಲಾಭ: ನೆಟ್‌ವರ್ಕ್ ಕೈಕೊಟ್ಟು ಸ್ಕ್ಯಾನರ್ ಅದೇ ಘಟನೆಯನ್ನು ಎರಡು ಸಲ ಕಳಿಸಿದರೂ ಸಾಲು ಒಂದೇ. ಆಗ ಹಳೆಯದರ ಮೇಲೆ ಬರೆಯುವ ಆ ಗುಣವೇ ನಿಮ್ಮ ಪರ ಕೆಲಸ ಮಾಡುತ್ತದೆ.

ಹೊಸ ಕೈ:
ಅರ್ಥ ಆಯ್ತು. ಆಲ್ಟರ್ ಟೇಬಲ್‌ನಲ್ಲಿ ಪ್ರೈಮರಿ ಕೀ ಬದಲಾಯಿಸಲು ಹೋದೆ, ಆಗಲಿಲ್ಲ.

ಲಾಗ್ ಓದುವವ:
ಆಗಲ್ಲ. ಕಾಲಂ ಸೇರಿಸಬಹುದು, ತೆಗೆಯಬಹುದು. ಕೀ ಒಮ್ಮೆ ಇಟ್ಟರೆ ಇಟ್ಟಂತೆ, ಯಾಕೆಂದರೆ ಡೇಟಾ ಯಾವ ಮಷೀನಿನಲ್ಲಿ ಇರಬೇಕು ಅನ್ನುವುದೇ ಅದರ ಮೇಲೆ ನಿಂತಿದೆ. ಪರೀಕ್ಷೆಯ ಡೇಟಾ ತಾನೇ, ಡ್ರಾಪ್ ಮಾಡಿ ಹೊಸದು ಮಾಡಿ. ಅಂದಹಾಗೆ ಡ್ರಾಪ್ ಮಾಡಿದರೂ ಡಿಸ್ಕ್ ಜಾಗ ವಾಪಸ್ ಬರಲ್ಲ, ತಾನಾಗಿ ಸ್ನ್ಯಾಪ್‌ಶಾಟ್ ಇಟ್ಟುಕೊಂಡಿರುತ್ತದೆ. ಬೇಡವಾದರೆ ನೋಡ್‌ಟೂಲ್ ಕ್ಲಿಯರ್ ಸ್ನ್ಯಾಪ್‌ಶಾಟ್.

ಹೊಸ ಕೈ:
ಹೊಸ ಟೇಬಲ್ ಆಯ್ತು, ನಾಲ್ಕು ಸಾಲೂ ಬಂದವು! ಈಗ ಮುಂದಿನದು. ಮ್ಯಾನೇಜರ್‌ಗೆ 'ಈ ಹಬ್‌ನಲ್ಲಿ ಇವತ್ತು ಏನೇನು ಸ್ಕ್ಯಾನ್ ಆಯ್ತು' ಅಂತ ಬೇಕು. ವೇರ್ ಹಬ್ ಅಂತ ಕೊಟ್ಟರೆ 'ಅಲೋ ಫಿಲ್ಟರಿಂಗ್ ಹಾಕಿ' ಅನ್ನುತ್ತದೆ. ಹಾಕಿದೆ, ಬಂತು. ಹಾಗೇ ಬಿಡಲಾ?

ಅರೆನಿದ್ದೆ:
ಬೇಡ ಮಾರಾಯ್ರೇ. ಆ ಮೆಸೇಜನ್ನು ಸಲಹೆ ಅಂತ ಓದಬೇಡಿ, ಎಚ್ಚರಿಕೆ ಅಂತ ಓದಿ. ಎಲ್ಲ ನೋಡ್‌ಗಳ ಎಲ್ಲ ಸಾಲುಗಳನ್ನೂ ಓದಿ ಬೇಡದ್ದನ್ನು ಬಿಸಾಕುತ್ತೇನೆ, ಪರವಾಗಿಲ್ವಾ ಅಂತ ಅದು ಕೇಳುತ್ತಿದೆ. ನಾಲ್ಕು ಸಾಲಿಗೆ ಮಿಂಚಿನ ವೇಗ. ನಾಲ್ಕು ಕೋಟಿಯಾದಾಗ ನಡುರಾತ್ರಿ ಫೋನ್ ಬರುವುದು ನನ್ನಂಥವನಿಗೆ.

ಸುಮ್ನೆ ಕೇಳ್ದೆ:
ಹಬ್ ಕಾಲಂ ಮೇಲೆ ಇಂಡೆಕ್ಸ್ ಹಾಕಿದರೆ ಸಾಕಲ್ವಾ?

ಹಳೆ ಸರ್ವರ್:
ಹಾಕಬಹುದು, ಆದರೆ ಅದು ನೀವು ಅಂದುಕೊಂಡ ಇಂಡೆಕ್ಸ್ ಅಲ್ಲ. ಪ್ರತಿ ನೋಡ್ ತನ್ನ ಬಳಿ ಇರುವ ಸಾಲುಗಳಿಗೆ ಮಾತ್ರ ಪಟ್ಟಿ ಇಟ್ಟುಕೊಳ್ಳುತ್ತದೆ. ಹಬ್ ಕೇಳಿದರೆ ಮನೆ ಮನೆ ಬಾಗಿಲು ತಟ್ಟಬೇಕು. 2024ರಲ್ಲಿ ಬಂದ 5.0ರಲ್ಲಿ ಎಸ್‌ಎಐ ಅನ್ನುವ ಹೊಸ ಇಂಡೆಕ್ಸ್ ಇದೆ, ಹಳೆಯದಕ್ಕಿಂತ ಎಷ್ಟೋ ಹಗುರ. ಆದರೂ ಪಾರ್ಟಿಶನ್ ಕೀ ಇಲ್ಲದೆ ಕೇಳಿದರೆ ತಟ್ಟಬೇಕಾದ ಬಾಗಿಲುಗಳು ಅಷ್ಟೇ. ಇವರದು 4.1.

ಇಲ್ಲಿನ ರೂಢಿ ಬೇರೆ: ಪ್ರಶ್ನೆ ಎರಡಿದ್ದರೆ ಟೇಬಲ್ ಎರಡು. ಒಂದೇ ಸ್ಕ್ಯಾನನ್ನು ಎರಡು ಕಡೆ ಬರೆಯಿರಿ. ಮೈಎಸ್‌ಕ್ಯೂಎಲ್ ಕಲಿಸಿದ ಮೇಷ್ಟ್ರು ಕೇಳಿದರೆ ಕಿವಿ ಹಿಂಡುತ್ತಾರೆ, ಗೊತ್ತು. ಕಸಾಂಡ್ರಾ ಹುಟ್ಟಿದ್ದು ಫೇಸ್‌ಬುಕ್‌ನಲ್ಲಿ, ಇನ್‌ಬಾಕ್ಸ್‌ನಲ್ಲಿ ಮೆಸೇಜ್ ಹುಡುಕುವುದಕ್ಕೆ. 2008ರಲ್ಲಿ ಓಪನ್ ಸೋರ್ಸ್ ಆಯ್ತು. ಹಂಚುವ ರೀತಿ ಅಮೆಜಾನ್‌ನ ಡೈನಮೋದಿಂದ, ಡೇಟಾ ಇಡುವ ರೀತಿ ಗೂಗಲ್‌ನ ಬಿಗ್‌ಟೇಬಲ್‌ನಿಂದ. ಎರಡರಲ್ಲೂ ಜಾಯಿನ್ ಇಲ್ಲ. ಹತ್ತಾರು ಮಷೀನಿನ ಮೇಲೆ ಹರಡಿದ ಟೇಬಲ್‌ಗಳನ್ನು ಜೋಡಿಸುವ ಬದಲು ಮೊದಲೇ ಜೋಡಿಸಿಟ್ಟು ಬರೆಯುವುದು ಅಗ್ಗ ಅನ್ನುವುದೇ ಲೆಕ್ಕ.

ಎರಡನೇ ಟೇಬಲ್: ಪ್ರೈಮರಿ ಕೀ ((ಹಬ್, ದಿನ), ಸಮಯ). ಒಂದು ಹಬ್‌ನ ಒಂದು ದಿನ ಒಂದು ಪಾರ್ಟಿಶನ್.

ಲಾಗ್ ಓದುವವ:
ಹಳೆ ಸರ್ವರ್ ಅವರೇ, ಒಂದು ತಪ್ಪು ಹಿಡೀತೀನಿ. ದೊಡ್ಡ ಹಬ್‌ನಲ್ಲಿ ಒಂದೇ ಮಿಲಿಸೆಕೆಂಡಿನಲ್ಲಿ ಎರಡು ಪಾರ್ಸೆಲ್ ಸ್ಕ್ಯಾನ್ ಆದರೆ? ಟೈಮ್‌ಸ್ಟ್ಯಾಂಪ್ ಅದಕ್ಕಿಂತ ಸಣ್ಣದನ್ನು ಇಟ್ಟುಕೊಳ್ಳಲ್ಲ. ಮತ್ತೆ ಒಂದರ ಮೇಲೊಂದು ಕೂರುತ್ತವೆ.

ಹಳೆ ಸರ್ವರ್:
ಹೌದು, ಸಿಕ್ಕಿಬಿದ್ದೆ. ಮೇಲೆ ಅಷ್ಟುದ್ದ ಪಾಠ ಮಾಡಿ ಅದೇ ಗುಂಡಿಗೆ ನಾನೇ ಬಿದ್ದೆ. ಕೊನೆಗೆ ಪಾರ್ಸೆಲ್ ಐಡಿ ಸೇರಿಸಿ: ((ಹಬ್, ದಿನ), ಸಮಯ, ಪಾರ್ಸೆಲ್ ಐಡಿ).

ಹೊಸ ಕೈ ಅವರೇ, ದೊಡ್ಡ ಹಬ್‌ನಲ್ಲಿ ದಿನಕ್ಕೆ ಎಷ್ಟು ಸ್ಕ್ಯಾನ್?

ಹೊಸ ಕೈ:
ಹೆಚ್ಚೆಂದರೆ 20 ಲಕ್ಷ. ಒಂದು ಸಾಲು ಸುಮಾರು 200 ಬೈಟ್.

ಹಳೆ ಸರ್ವರ್:
ಹಾಗಾದರೆ ದಿನಕ್ಕೆ 400 ಎಂಬಿ. ಪಾರ್ಟಿಶನ್ 100 ಎಂಬಿ ದಾಟದಿರಲಿ ಅನ್ನುವುದು ವಾಡಿಕೆ. ದಾಟಿದರೆ ಸಾಯಲ್ಲ, ಆದರೆ ಕಂಪ್ಯಾಕ್ಷನ್ (ಡಿಸ್ಕ್‌ನ ಫೈಲ್‌ಗಳನ್ನು ಒಗ್ಗೂಡಿಸುವ ಕೆಲಸ), ರಿಪೇರ್ ಎಲ್ಲ ಏದುಸಿರು ಬಿಡುತ್ತವೆ. ಪಾರ್ಟಿಶನ್ ಕೀಗೆ ಗಂಟೆಯನ್ನೂ ಸೇರಿಸಿ: ((ಹಬ್, ದಿನ, ಗಂಟೆ), ಸಮಯ, ಪಾರ್ಸೆಲ್ ಐಡಿ). ಸಮವಾಗಿ ಹರಡಿದರೆ ಗಂಟೆಗೆ 17 ಎಂಬಿ. ಜನಜಂಗುಳಿಯ ಗಂಟೆಯಲ್ಲಿ ಅದರ ಮೂರು ಪಟ್ಟಾದರೂ ತೊಂದರೆ ಇಲ್ಲ. ಪೂರ್ತಿ ದಿನ ಬೇಕಾದರೆ 24 ಕ್ವೆರಿ, ಒಟ್ಟಿಗೇ ಕಳಿಸಿ. ದಿನ, ಗಂಟೆ ಎರಡನ್ನೂ ಯುಟಿಸಿಯಲ್ಲೇ ಲೆಕ್ಕ ಹಾಕಿ. ಒಂದು ಸರ್ವರ್ ಒಂದು ಟೈಮ್‌ಝೋನ್, ಇನ್ನೊಂದು ಇನ್ನೊಂದು ಅಂತಾದರೆ ಸಾಲು ಇದ್ದೂ ಸಿಗಲ್ಲ.

ಎರಡು ಟೇಬಲ್‌ಗೂ ಒಟ್ಟಿಗೆ ಬರೆಯಲು ಲಾಗ್ಡ್ ಬ್ಯಾಚ್ ಬಳಸಿ. ವೇಗಕ್ಕಲ್ಲ. ಒಂದು ಬರೆದು ಇನ್ನೊಂದು ಬಿಟ್ಟುಹೋಗದಿರಲಿ ಅಂತ. ನೂರಾರು ಪಾರ್ಸೆಲ್ ಒಂದೇ ಬ್ಯಾಚ್‌ಗೆ ತುರುಕಬೇಡಿ.

ಅರೆನಿದ್ದೆ:
ಒಂದು ಕಹಿ ಮಾತು. 20 ಲಕ್ಷಕ್ಕೆ ಒಂದು ಒಳ್ಳೆಯ ಪೋಸ್ಟ್‌ಗ್ರೆಸ್ ಸಾಕಾಗುತ್ತಿತ್ತು. ಮೂರು ನೋಡ್, ಮೂರು ಕಾಪಿ ಅಂದರೆ ಪ್ರತಿ ನೋಡ್‌ನಲ್ಲೂ ಎಲ್ಲ ಡೇಟಾ ಇದೆ. ಇದು ಇನ್ನೂ ಹಂಚಿದ ಡೇಟಾಬೇಸೇ ಅಲ್ಲ. ಹಂಚಿಕೆ ಶುರುವಾಗುವುದು ನಾಲ್ಕನೇ ನೋಡ್‌ನಿಂದ.

ಹೊಸ ಕೈ:
ನಿಜ ಸರ್. ಅದು ಒಂದು ದೊಡ್ಡ ಹಬ್‌ನ ಲೆಕ್ಕ. ಅಂಥವು ಸುಮಾರು ನಲವತ್ತಿವೆ, ಸಣ್ಣವು ಬೇರೆ. ಒಂದು ಮಷೀನು ಬಿದ್ದರೂ ಸ್ಕ್ಯಾನ್ ನಿಲ್ಲಬಾರದು ಅನ್ನುವುದು ಮುಖ್ಯ ಷರತ್ತು.

ಅರೆನಿದ್ದೆ:
ನಲವತ್ತಾ! ಹಾಗಾದರೆ ಮಾತು ವಾಪಸ್. ನೋಡ್ ಮೂರು ಸಾಕಾಗಲ್ಲ, ಅದು ಬೇರೆ.

ಇನ್ನೊಂದು ಹೇಳಿಬಿಡ್ತೀನಿ. ಟೇಬಲ್ ಮಾಡುವ ಕೋಡನ್ನು ಅಪ್ಲಿಕೇಶನ್ ಶುರುವಾಗುವ ಜಾಗದಲ್ಲಿ ಇಡಬೇಡಿ. ಹಿಂದೆ ನಾನಿದ್ದ ಒಂದು ಟೀಮಿನಲ್ಲಿ ಹಾಗಿತ್ತು, 3.11ರ ಕಾಲ. ಅಪ್ಲಿಕೇಶನ್‌ನ ಎಂಟು ಕಾಪಿ ಒಟ್ಟಿಗೆ ಎದ್ದವು, ಎಂಟೂ 'ಕ್ರಿಯೇಟ್ ಟೇಬಲ್ ಇಫ್ ನಾಟ್ ಎಕ್ಸಿಸ್ಟ್ಸ್' ಕೂಗಿದವು. ಬೇರೆ ಬೇರೆ ನೋಡ್‌ಗಳು ಏಕಕಾಲಕ್ಕೆ 'ಇಲ್ಲ' ಅಂದುಕೊಂಡು ಅದೇ ಹೆಸರಿನ ಟೇಬಲ್‌ಗೆ ಬೇರೆ ಬೇರೆ ಐಡಿ ಕೊಟ್ಟವು. ಡಿಸ್ಕ್‌ನಲ್ಲಿ ಒಂದೇ ಟೇಬಲ್‌ಗೆ ಎರಡು ಫೋಲ್ಡರ್, ಲಾಗ್‌ನಲ್ಲಿ ಐಡಿ ಮಿಸ್‌ಮ್ಯಾಚ್. ಬರೆದ ಡೇಟಾ ಒಂದು ಫೋಲ್ಡರ್‌ನಲ್ಲಿ, ಓದುವುದು ಇನ್ನೊಂದರಿಂದ. ಬೆಳಗಾಗುವವರೆಗೆ ಕೂತು ಫೈಲ್ ಸಾಗಿಸಿದೆವು. ಟೇಬಲ್ ಬದಲಾವಣೆ ಒಂದೇ ಕಡೆಯಿಂದ, ಒಂದಾದ ಮೇಲೆ ಒಂದು. ಪ್ರತಿ ಸಲ ನೋಡ್‌ಟೂಲ್ ಡಿಸ್ಕ್ರೈಬ್ ಕ್ಲಸ್ಟರ್ ಕೊಟ್ಟು ಸ್ಕೀಮಾ (ಟೇಬಲ್‌ಗಳ ರಚನೆ) ವರ್ಷನ್ ಒಂದೇ ಇದೆಯಾ ನೋಡಿ. ಎರಡು ಕಂಡರೆ ಮುಂದೆ ಹೋಗಬೇಡಿ.

ಪಿಂಗ್ ಪಾಂಗ್:
ಪಾಸ್‌ವರ್ಡ್ ಬಗ್ಗೆ ಯಾರೂ ಹೇಳಲಿಲ್ಲ. ಈಗ 9042 ಹೊರಗೆ ತೆರೆದಿದೆ, ಫೈರ್‌ವಾಲ್ ಆಫ್ ಇದೆ. ಮೊದಲಿಗೆ ಕಸಾಂಡ್ರಾ ಯಾರನ್ನೂ ಕೇಳದೆ ಒಳಗೆ ಬಿಡುತ್ತದೆ.

ಲಾಗ್ ಓದುವವ:
ಒಳ್ಳೆಯ ಮಾತು. ಫೈರ್‌ವಾಲ್ ಈಗಲೇ ಆನ್ ಮಾಡಿ, ಬೇಕಾದವರಿಗೆ ಮಾತ್ರ ಬಿಡಿ. ಆಥೆಂಟಿಕೇಟರ್ ಅನ್ನು ಪಾಸ್‌ವರ್ಡ್ ಆಥೆಂಟಿಕೇಟರ್ ಮಾಡಿ. ಮೊದಲ ಯೂಸರ್, ಪಾಸ್‌ವರ್ಡ್ ಎರಡೂ 'ಕಸಾಂಡ್ರಾ'. ಅದರಲ್ಲಿ ಒಳಗೆ ಹೋಗಿ ಹೊಸ ಸೂಪರ್‌ಯೂಸರ್ ಮಾಡಿ, ಹಳೆಯದರ ಲಾಗಿನ್ ಮುಚ್ಚಿ. ಸಿಸ್ಟಮ್ ಆಥ್ ಕೀಸ್ಪೇಸ್‌ನ ಫ್ಯಾಕ್ಟರ್ ಮೊದಲಿಗೆ 1 ಇರುತ್ತದೆ, ಅದನ್ನೂ 3 ಮಾಡಿ ರಿಪೇರ್ ಓಡಿಸಿ. ಇಲ್ಲದಿದ್ದರೆ ಡೇಟಾಗೆ ಮೂರು ಕಾಪಿ, ಬೀಗದ ಕೈ ಮಾತ್ರ ಒಂದೇ ಮಷೀನಿನಲ್ಲಿ. ಅದು ಮಲಗಿದ ದಿನ ಯಾರಿಗೂ ಲಾಗಿನ್ ಇಲ್ಲ.

ಹೊಸ ಕೈ:
ಎಲ್ಲ ಮಾಡಿದೆ. ಎರಡು ಟೇಬಲ್, ಲೋಕಲ್ ಕೋರಂ, ಪಾಸ್‌ವರ್ಡ್, ಫೈರ್‌ವಾಲ್. ನಕಲಿ ಸ್ಕ್ಯಾನ್ ಕಳಿಸುವ ಸ್ಕ್ರಿಪ್ಟ್ ಬರೆದು ನಿನ್ನೆ ಸಂಜೆಯಿಂದ ಓಡಿಸಿದ್ದೇನೆ. ಒಂದು ನೋಡ್ ಆಫ್ ಮಾಡಿದೆ, ಸ್ಕ್ರಿಪ್ಟ್‌ಗೆ ಗೊತ್ತೇ ಆಗಲಿಲ್ಲ. ಇನ್ನೊಂದನ್ನೂ ಆಫ್ ಮಾಡಿದೆ, ಆಗ ಎರರ್ ಬಂತು: 2 ಬೇಕು, 1 ಮಾತ್ರ ಜೀವಂತ. ಒಂದು ವಾರದ ಹಿಂದೆ ಈ ಸಾಲು ನೋಡಿದ್ದರೆ ಗಾಬರಿಯಾಗುತ್ತಿತ್ತು. ಎರಡನೆಯದನ್ನು ಆಗಲೇ ವಾಪಸ್ ಆನ್ ಮಾಡಿದೆ, ಮತ್ತೆ ಓಡತೊಡಗಿತು.

ಅರೆನಿದ್ದೆ:
ಚೆನ್ನಾಗಿದೆ. ಮೊದಲು ಆಫ್ ಮಾಡಿದ್ದನ್ನು?

ಹೊಸ ಕೈ:
ಅದು ಇನ್ನೂ ಆಫ್ ಇದೆ ಸರ್. ರಾತ್ರಿಯೆಲ್ಲಾ ಹಾಗೇ ಇತ್ತು.

ಅರೆನಿದ್ದೆ:
ತಪ್ಪಿದ ಬರಹಗಳನ್ನು ಉಳಿದ ನೋಡ್‌ಗಳು ಹಿಂಟ್ ಅಂತ ಎತ್ತಿಟ್ಟಿರುತ್ತವೆ, ಆದರೆ ಮೊದಲ 3 ಗಂಟೆಯದು ಮಾತ್ರ. ಆಮೇಲಿನದು ಅದಕ್ಕೆ ತಾನಾಗಿ ಸಿಗಲ್ಲ. ಆನ್ ಮಾಡಿ, ಯುಎನ್ ಬಂದ ಮೇಲೆ ಅದರ ಮೇಲೆ ಫುಲ್ ರಿಪೇರ್ ಓಡಿಸಿ.

ಹೊಸ ಕೈ:
ಅಯ್ಯೋ. ಈಗಲೇ ಹೋದೆ.